ಶಿವನಿಯ ಪೆಟ್ಟು, ಇಂಗ್ಲೆಂಡಿನ ಹಾಡು

ಬೀರೂರು

ಬೀರೂರು ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ನನ್ನ ಗಂಡ ಸೂಟ್‌ಕೇಸಿಗೆ ಸುತ್ತಿದ ಹಗ್ಗವನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದರು. ಇಂಗ್ಲೆಂಡಿಗೆ ಬರುವ ಸೂಟ್‌ಕೇಸಿಗೆ ಹಗ್ಗ ಕಟ್ಟಬೇಡಿ ಅಂತ ನನ್ನ ತಂಗಿ ಶೈಲಾ ಅಲ್ಲಿಂದಲೇ ಫೋನ್ ಮಾಡಿ ಹೇಳಿದ್ದಳು. ಇವರು ಕೇಳಬೇಕಲ್ಲ. ಅಷ್ಟರಲ್ಲಿ ಶಿವನಿ ಕಡೆಯಿಂದ ಬಂದ ಪ್ಯಾಸೆಂಜರಿನಿಂದ ಷಡಕ್ಷರಿ ಚಿಕ್ಕಪ್ಪ ಇಳಿದ. ಕೈಯಲ್ಲಿ ಚೀಲವಿಲ್ಲ, ಹೆಗಲ ಮೇಲೆ ಟವೆಲ್ಲಿಲ್ಲ. ಬರೀ ಒಂದು ಮಾತು ಹೇಳಿ ವಾಪಸ್ ಹೋಗಲಿಕ್ಕೆ ಬಂದವನ ಹಾಗಿದ್ದ.

"ಆ ಊರಿಗೆ ಹೋಯ್ತೀಯಲ್ಲ ಗಿರಿಜವ್ವ, ಕೇಳ್ಕಂಡು ಬಾ" ಅಂದ.

"ಏನು ಕೇಳ್ಲಿ ಚಿಕ್ಕಪ್ಪ?"

"ಗೊತ್ತಿದ್ದೂ ಕೇಳ್ಬ್ಯಾಡ. ನಾನು ಹೇಳಿದ್ದು ನಿಜವೋ ಸುಳ್ಳೋ, ಕೇಳ್ಕಂಡು ಬಾ. ಸುಳ್ಳು ಅಂತಾದ್ರೆ ಸುಳ್ಳು ಅಂತ್ಲೇ ಹೇಳು. ನಾನು ಸತ್ತ ಮೇಲೆ ಮೂರನೇ ದಿನಕ್ಕೆ ಬಂದು ಹೇಳ್ಬ್ಯಾಡ."

ಇಷ್ಟು ಹೇಳಿ, ನನ್ನ ಗಂಡ ಕೊಡಿಸಿದ ಕಾಫಿಯನ್ನು ನಿಂತೇ ಕುಡಿದು, ಹೊರಟ.

ಆ ನಿಜ ಸುಳ್ಳಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಶಿವನಿಯಲ್ಲಿ ನಮ್ಮ ಮನೆತನದ್ದು ವೀರಗಾಸೆ ಮೇಳ. ಕತ್ತಿ ಹಿಡಿದು ಕುಣಿಯುವವರು ಕುಣಿದರೆ, ಸಂಬಾಳ ಬಾರಿಸುವವನು ಚಿಕ್ಕಪ್ಪ. ಸೊಂಟಕ್ಕೆ ಕಟ್ಟಿಕೊಳ್ಳುವ ಜೋಡಿ ಚರ್ಮವಾದ್ಯ ಅದು, ಎರಡು ಕೋಲಿನಿಂದ ಬಡಿಯುತ್ತಾರೆ. ಚಿಕ್ಕಪ್ಪನಿಗೆ ಇನ್ನೂ ಮೀಸೆ ಸರಿಯಾಗಿ ಬಾರದ ಕಾಲದಲ್ಲಿ, ಗೋವಾ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಒಬ್ಬ ಬಿಳಿಯ ಹುಡುಗ ನೀರು ಕುಡಿಯಲು ಶಿವನಿ ಸ್ಟೇಷನ್ನಿನಲ್ಲಿ ಇಳಿದ. ರೈಲು ಅವನನ್ನು ಬಿಟ್ಟು ಹೋಯ್ತು. ಬಿಸಿಲಿಗೆ ಮುಖವೆಲ್ಲ ಕೆಂಪಾಗಿದ್ದರಿಂದ ಊರವರು ಅವನನ್ನು ಕೆಂಪಣ್ಣ ಅಂದರು. ಅವನ ಹೆಸರನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಅವನ ಚೀಲದಿಂದ ಎರಡು ಕೋಲು ಇಣುಕುತ್ತಿದ್ದವು, ವಾದ್ಯ ಬಾರಿಸುವ ಕೋಲು. ಅದನ್ನು ನೋಡಿ ಚಿಕ್ಕಪ್ಪ ಅವನನ್ನು ಮನೆಗೆ ಕರೆದುಕೊಂಡು ಬಂದ. ಮುಂದಿನ ರೈಲು ಹಿಡಿಯಬೇಕಾದವನು ಮೇಳದ ಹಿಂದೆ ಸುತ್ತುತ್ತಾ ಹಲವು ದಿನ ಉಳಿದ. ಸಂಬಾಳವನ್ನು ಬೇರೆಯವರು ಮುಟ್ಟುವಂತಿಲ್ಲವಾದ್ದರಿಂದ, ಕಾಳು ಅಳೆಯುವ ಕೊಳಗವನ್ನು ಮಗುಚಿಹಾಕಿ ಅದರ ಮೇಲೆ ಚಿಕ್ಕಪ್ಪ ಅವನಿಗೆ ಬಡಿತ ಕಲಿಸಿದ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದ್ದು ನಾನು. ಕಡೂರಿನ ಕಾಲೇಜಿಗೆ ಹೋಗುತ್ತಿದ್ದಾಗ ಗೆಳತಿಯೊಬ್ಬಳಿಂದ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟು ಕಡ ತಂದಿದ್ದೆ. ಹಾರ್ಡ್ ರಾಕ್ ಅಂತಾರಲ್ಲ, ಅದು. ಗಿಟಾರು ಮರ ಕೊಯ್ಯುವ ಮಿಷನ್ನಿನ ಹಾಗೆ ಕೊರೆಯುತ್ತದೆ, ಹಾಡುವವನು ಹಿತ್ತಿಲಿಗೆ ಬೆಂಕಿ ಬಿದ್ದವನಂತೆ ಕೂಗುತ್ತಾನೆ, ನಮ್ಮಮ್ಮ ಸೌಟು ಹಿಡಿದು ಓಡಿ ಬರುತ್ತಾಳೆ. ಆವತ್ತು ಅಮ್ಮನ ಬದಲು ಓಡಿ ಬಂದದ್ದು ಚಿಕ್ಕಪ್ಪ. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು. "ತಿರುಗ್ಸು, ಮೊದಲಿಂದ ಹಾಕು" ಅಂದ. ಮತ್ತೆ ಹಾಕಿದೆ. "ಇದು ನಮ್ದು ಕಣೇ" ಅಂದ. ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಕೋಲು ಹಿಡಿದು ನಿಂತಿದ್ದ ಉದ್ದಗೂದಲಿನವನನ್ನು ತೋರಿಸಿ, "ಇವ್ನೇ ನಮ್ಮ ಕೆಂಪಣ್ಣ" ಅಂದ.

ಆ ಹಾಡಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅದರ ಭಕ್ತರು ಲೋಕದ ತುಂಬ ಇದ್ದಾರೆ, ನಾನು ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಎದುರು ಪೆನ್ನು ಪುಸ್ತಕ ಮಾರಿಕೊಂಡು ನೆಮ್ಮದಿಯಾಗಿ ಇರಬೇಕಾದವಳು. ಹಾಡು ಶುರುವಾಗುವುದೇ ಡೋಲಿನಿಂದ. ಒಂದು ಸುತ್ತು ಬಡಿತ ಮುಗಿದ ಮೇಲೆ, ಮುಂದಿನ ಸುತ್ತಿಗೆ ಮೊದಲು, ಚರ್ಮದ ಮೇಲಲ್ಲದೆ ಡೋಲಿನ ಅಂಚಿಗೆ ಟಕ್ ಅಂತ ಒಂದು ಒಂಟಿ ಪೆಟ್ಟು ಬೀಳುತ್ತದೆ. ನಮ್ಮ ಶಿವನಿ ಮೇಳದಲ್ಲೂ ಹಾಗೇ. ಅದಕ್ಕೆ ಗುರುವಿನ ಪೆಟ್ಟು ಅನ್ನುತ್ತಾರೆ. ಪ್ರತಿ ಸುತ್ತಿಗೂ ಒಂದು ಪೆಟ್ಟು ಕಲಿಸಿದವನಿಗೆ ಸಲ್ಲಬೇಕು. ಸುತ್ತಮುತ್ತ ಬೇರೆ ಯಾವ ಮೇಳದಲ್ಲೂ ಇದಿಲ್ಲ. ಚೌಳಹಿರಿಯೂರಿನವರು ಶಿವನಿಯವರ ಸಂಬಾಳಕ್ಕೆ ಬಿಕ್ಕಳಿಕೆ ರೋಗ ಅಂತ ಈಗಲೂ ಆಡಿಕೊಳ್ಳುತ್ತಾರೆ.

ಅಂದಿನಿಂದ ಚಿಕ್ಕಪ್ಪ ಸಿಕ್ಕವರಿಗೆಲ್ಲ ಈ ಕಥೆ ಹೇಳಿದ, ಕೇಳಿದವರೆಲ್ಲ ನಕ್ಕರು. ನಗುವುದನ್ನು ಅವನು ಲೆಕ್ಕಕ್ಕಿಟ್ಟುಕೊಂಡವನಲ್ಲ. ಆದರೆ ಹೋದ ವರ್ಷ ತರೀಕೆರೆಯಲ್ಲಿ ಅವನ ಮೊಮ್ಮಗಳ ನಿಶ್ಚಿತಾರ್ಥದಲ್ಲಿ ಬೀಗರ ಕಡೆಯವರೊಬ್ಬರು, "ಏನ್ ಯಜಮಾನ್ರೇ, ಇಂಗ್ಲೆಂಡಿನೋರು ನಿಮ್ಗೆ ರಾಯಲ್ಟಿ ಕಳ್ಸಿದ್ರಾ" ಅಂತ ತುಂಬಿದ ಪಂಕ್ತಿಯಲ್ಲಿ ಕೇಳಿದರು. ಮೊಮ್ಮಗಳು ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ್ದನ್ನು ಚಿಕ್ಕಪ್ಪ ನೋಡಿದ. ಮನೆಗೆ ಬಂದು ಸಂಬಾಳವನ್ನು ಬಟ್ಟೆಯಲ್ಲಿ ಸುತ್ತಿ ಗೂಟಕ್ಕೆ ನೇತುಹಾಕಿದವನು, ಕಾರ್ತೀಕಕ್ಕೂ ಇಳಿಸಲಿಲ್ಲ. ಮೇಳ ಆ ವರ್ಷ ಬೇರೆ ಊರಿನ ಸಂಬಾಳದವನನ್ನು ಕರೆಸಿಕೊಂಡು ಕುಣಿಯಿತು.

ಬರ್ಮಿಂಗ್‌ಹ್ಯಾಮ್

ಹಗ್ಗವನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಬಿಚ್ಚಿಸಿದರು.

ಶೈಲಾ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಮನೆ ತಲುಪಿದ ಮರುದಿನ ನಾನೊಬ್ಬಳೇ ಬಸ್ಸು ಹತ್ತಿ ನೋಡುತ್ತೇನೆ ಅಂತ ಹೊರಟೆ. ಟಿಕೆಟ್ಟು ಕೊಡುತ್ತಾ ಡ್ರೈವರು ನನ್ನನ್ನು ಇಂಗ್ಲಿಷಿನಲ್ಲಿ 'ನನ್ನ ಚಿನ್ನ' ಅಂದ. ನನಗೆ ಐವತ್ತು ದಾಟಿದೆ, ನನ್ನ ಗಂಡ ಈವರೆಗೆ ಆ ಮಾತು ಆಡಿದವರಲ್ಲ. ಮುಖ ಬಿಗಿದುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತೆ. ಆಮೇಲೆ ನೋಡಿದರೆ ಆತ ಕೋಲೂರಿಕೊಂಡು ಬಂದ ಮುದುಕರಿಗೂ ಚಿನ್ನ ಅನ್ನುತ್ತಿದ್ದ. ಕಡೂರು ಸಂತೆಯಲ್ಲಿ ಸೊಪ್ಪಿನವಳು ಎಲ್ಲರಿಗೂ ನಮ್ಮವ್ವ ಅನ್ನುವುದಿಲ್ಲವೇ, ಹಾಗೆ. ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿದರು. ನಮ್ಮಲ್ಲಿ ಹಾಗೆ ಹೇಳಿದರೆ ಡ್ರೈವರು ಚಿಲ್ಲರೆ ಕೊಡಲಿಲ್ಲವೇನೋ ಅಂತ ಕಂಡಕ್ಟರನ ಕಡೆ ನೋಡಿಯಾನು.

ರೈಲಿನಲ್ಲಿ ಇನ್ನೊಂದು ಆಯಿತು. ಎದುರಿಗೆ ಕೂತ ಹೆಂಗಸಿಗೆ ಚಕ್ಕುಲಿ ಕೊಡಲು ಹೋದೆ. ಆಕೆ ಬೇಡ ಅಂದಳು. ಬೇಡ ಅನ್ನುವುದು ಮರ್ಯಾದೆಯ ಮಾತು ತಾನೆ, ಮತ್ತೆ ಕೊಟ್ಟೆ. ಮತ್ತೆ ಬೇಡ ಅಂದಳು. ಮೂರನೆಯ ಸಲಕ್ಕೆ ಹೆದರಿಯೇ ತೆಗೆದುಕೊಂಡಳು ಅಂತ ಕಾಣುತ್ತದೆ, ಮುಂದಿನ ಸ್ಟೇಷನ್ ಬರುವವರೆಗೆ ಅದನ್ನು ತಿನ್ನದೆ ಬೆರಳಲ್ಲಿ ಹಿಡಿದುಕೊಂಡೇ ಇದ್ದಳು. ಬೀರೂರಿನಲ್ಲಿ ಹತ್ತಿದವರು ಅರಸೀಕೆರೆ ಬರುವಷ್ಟರಲ್ಲಿ ಎದುರಿನವರ ಮಗಳಿಗೆ ಗಂಡು ಹುಡುಕಿ ಮುಗಿಸಿರುತ್ತಾರೆ. ಇಲ್ಲಿ ಇಡೀ ಡಬ್ಬಿಯಲ್ಲಿ ಪುಟ ತಿರುಗಿಸುವ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಆದರೆ ಮಳೆ ಬಂತು ಅನ್ನಿ, ಎಲ್ಲರಿಗೂ ಮಾತು ಬಂತು. ಮಳೆಯನ್ನು ಬೈಯಲು ಪರಿಚಯ ಬೇಕಿಲ್ಲ.

ಚಿಕ್ಕಪ್ಪನ ಮಾತು ಹೇಳಿದಾಗ ಶೈಲಾ ತಲೆ ಮೇಲೆ ಕೈ ಹೊತ್ತುಕೊಂಡಳು. "ಅಕ್ಕ, ಆ ಹಾಡು ಎಲ್ಲಿಂದ ಬಂತು ಅಂತ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದು ಇಲ್ಲೇ ಹತ್ತಿರದ ಕಬ್ಬಿಣದ ಕಾರ್ಖಾನೆಯ ಸುತ್ತಿಗೆ ಸದ್ದು. ಅಲ್ಲಿ ಮ್ಯೂಸಿಯಂ ಬೇರೆ ಮಾಡಿದಾರೆ. ನೀನು ಹೋಗಿ ಚಿಕ್ಕಪ್ಪಂದು ಅಂದ್ರೆ ನಗ್ತಾರೆ."

"ನಗಲಿ. ಸುತ್ತಿಗೆ ಸದ್ದು ಕೇಳ್ಕಂಡಾದ್ರೂ ಬರ್ತೀನಿ" ಅಂದೆ.

"ಸುತ್ತಿಗೆದೇ ಅಂತಾದ್ರೆ ಅವನಿಗೆ ಏನು ಹೇಳ್ತೀಯ?"

ಸುಳ್ಳಾದರೆ ಸುಳ್ಳು ಅಂತಲೇ ಹೇಳು ಅಂದವನಿಗೂ ಅದನ್ನು ಹೇಳುವುದು ಸುಲಭವಲ್ಲ. ಹೇಳಿದರೆ ಆ ಸಂಬಾಳ ಗೂಟದಿಂದ ಇಳಿಯುವುದಿಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಬ್ಬಿಣದ ಊರು

ಶೈಲಾ ರಜೆ ಹಾಕಿ ಜೊತೆಗೆ ಬಂದಳು, ನನ್ನ ಗಂಡ ಅವಳ ಮನೆಯಲ್ಲೇ ಉಳಿದರು. ಊರು ನಾನಂದುಕೊಂಡ ಹಾಗಿರಲಿಲ್ಲ. ಲೋಕವನ್ನೇ ನಡುಗಿಸಿದ ಹಾಡು ಹುಟ್ಟಿದ ಊರೆಂದರೆ ಏನೋ ಆರ್ಭಟವಿರಬೇಕು ಅಂತಿತ್ತು. ಇಲ್ಲಿ ಕೆಂಪು ಇಟ್ಟಿಗೆಯ ಸಾಲುಮನೆಗಳು, ಒಂದು ಕಾಲುವೆ, ಕಾಲುವೆಯಲ್ಲಿ ಬಾತುಕೋಳಿ, ಬಾತುಕೋಳಿಗೆ ಬ್ರೆಡ್ಡು ಹಾಕಬೇಡಿ ಅಂತ ಬೋರ್ಡು. ಬ್ರೆಡ್ಡು ಹಾಕುತ್ತಿದ್ದವರು ಬೋರ್ಡಿಗೆ ಒರಗಿಕೊಂಡೇ ಹಾಕುತ್ತಿದ್ದರು. ಆಗ ಈ ಊರಿನ ಮೇಲೆ ನನಗೆ ವಿಶ್ವಾಸ ಬಂತು.

ದಂಡೆಯುದ್ದಕ್ಕೂ ಮರದ ಬೆಂಚುಗಳಿದ್ದವು, ಒಂದೊಂದರ ಮೇಲೂ ಒಂದು ಹೆಸರು. ದಾನ ಕೊಟ್ಟವರ ಹೆಸರೇ ಅಂತ ಕೇಳಿದೆ. ಅಲ್ಲ, ತೀರಿಕೊಂಡವರ ಹೆಸರು, ಅವರಿಗೆ ಇಲ್ಲಿ ಕೂರುವುದು ಇಷ್ಟವಾಗಿತ್ತಂತೆ ಅಂದಳು ಶೈಲಾ. ಅಜ್ಜಂಪುರದಲ್ಲಿ ಕಲ್ಲುಬೆಂಚಿಗೆ ಹೆಸರು ಹಾಕಿಸುವವರು ಬದುಕಿರುವಾಗಲೇ ಹಾಕಿಸಿಕೊಳ್ಳುತ್ತಾರೆ, ಕೂರುವುದಂತೂ ಮನೆಯ ಜಗಲಿಯ ಮೇಲೆ. ಸತ್ತವರ ಮಡಿಲಲ್ಲಿ ಕೂತ ಹಾಗಾಗುತ್ತದೆ ಅಂತ ನಾನು ಮೊದಲು ನಿಂತೇ ಇದ್ದೆ. ಕಾಲು ನೋಯತೊಡಗಿದ ಮೇಲೆ ಕೂತೆ.

ಮ್ಯೂಸಿಯಮ್ಮೆಂದರೆ ಹಳೆಯ ಕಾರ್ಖಾನೆಯೇ. ನಿವೃತ್ತರಾದ ಊರಿನವರು ಸೇರಿ ಸಂಬಳವಿಲ್ಲದೆ ನಡೆಸುತ್ತಾರೆ. ಪ್ಯಾಟ್ ಎಂಬ ಬೆಳ್ಳಿಗೂದಲಿನ ಹೆಂಗಸು ನಮ್ಮನ್ನು ಸುತ್ತಾಡಿಸಿದರು. ಆ ಬ್ಯಾಂಡಿನ ಡ್ರಮ್ ಸೆಟ್ಟನ್ನು ಗಾಜಿನೊಳಗೆ ಇಟ್ಟಿದ್ದರು. ಅದನ್ನು ಬಾರಿಸುತ್ತಿದ್ದವರು ಈಗ ಬದುಕಿಲ್ಲ. ಪಕ್ಕದಲ್ಲಿ ದೊಡ್ಡ ಚಿತ್ರವಿತ್ತು, ನಾನು ಕ್ಯಾಸೆಟ್ಟಿನ ಮೇಲೆ ನೋಡಿದ್ದ ಅದೇ ಮುಖ. ಚಿಕ್ಕಪ್ಪನ ಕೆಂಪಣ್ಣ ಇವನೇ ಆದರೆ ಇನ್ನು ಕೇಳಲು ಯಾರೂ ಇಲ್ಲ.

"ಇವರು ಎಂದಾದರೂ ಇಂಡಿಯಾಕ್ಕೆ ಬಂದಿದ್ದರೇ?" ಅಂತ ಕೇಳಿದೆ.

"ಬ್ಯಾಂಡಿನ ಜೊತೆ ಆಸ್ಟ್ರೇಲಿಯಾ, ಅಮೆರಿಕ ಎಲ್ಲ ಸುತ್ತಿದ್ದಾರೆ. ಇಂಡಿಯಾಕ್ಕೆ ಹೋದವರಲ್ಲ. ಅವರಿಗೆ ಸೆಖೆ ಅಂದರೆ ಆಗುತ್ತಿರಲಿಲ್ಲ" ಅಂದರು ಪ್ಯಾಟ್.

ಶೈಲಾ ನನ್ನ ಕೈ ಹಿಡಿದುಕೊಂಡಳು. ಅಲ್ಲಿಗೆ ಚಿಕ್ಕಪ್ಪನ ಮಾತು ಸುಳ್ಳಾಯಿತು. ನನಗೆ ಅಳು ಬಂದಂತಾಯಿತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಆವತ್ತು ಸುತ್ತಿಗೆ ಓಡಿಸಿ ತೋರಿಸುವ ದಿನ. ಕಿವಿಗೆ ಹಾಕಿಕೊಳ್ಳಲು ದಪ್ಪನೆಯ ಮುಚ್ಚಳ ಕೊಟ್ಟರು. ಆಳೆತ್ತರದ ಕಬ್ಬಿಣದ ತಲೆ ಮೇಲೆದ್ದು, ಕೆಂಪಗೆ ಕಾದ ತುಂಡಿನ ಮೇಲೆ ಬಿತ್ತು. ನೆಲ ನಡುಗಿತು. ನಾನು ಅಪ್ಪಾ ಅಂದೆ, ಪಕ್ಕದಲ್ಲಿದ್ದವರೆಲ್ಲ ತಿರುಗಿದರು. ಬಿದ್ದ ಸುತ್ತಿಗೆ ಒಂದು ಸಣ್ಣ ಪುಟಿತ ಪುಟಿದು ಕೂರುತ್ತದೆ. ಆ ಪುಟಿತವೇ ಹಾಡಿನಲ್ಲಿ ಬರುವ ಒಂಟಿ ಪೆಟ್ಟು ಅಂತ ಪ್ಯಾಟ್ ವಿವರಿಸಿದರು.

ನಾನು ಬಾಯಿ ಮುಚ್ಚಿಕೊಂಡು ಕೇಳುತ್ತಾ ನಿಂತೆ. ಸುತ್ತಿಗೆ ಬಿತ್ತು, ಪುಟಿಯಿತು. ಮತ್ತೆ ಬಿತ್ತು, ಮತ್ತೆ ಪುಟಿಯಿತು. ಬಿದ್ದಾಗಲೆಲ್ಲ ಪುಟಿಯುತ್ತದೆ. ಹಾಡಿನಲ್ಲಿ ಹಾಗಲ್ಲ, ಒಂದಿಡೀ ಸುತ್ತು ಮುಗಿದ ಮೇಲೆ ಒಂದೇ ಪೆಟ್ಟು, ಅದೂ ಬದಿಗೆ. ಕಿವಿಯ ಮುಚ್ಚಳ ತೆಗೆದು ಪ್ಯಾಟ್‌ಗೆ ಹೇಳಿದೆ. ನನ್ನ ಇಂಗ್ಲಿಷ್ ಸಾಲದೆ, ಅಲ್ಲಿದ್ದ ಮೇಜಿನ ಮೇಲೆ ಬಡಿದು ತೋರಿಸಿದೆ. ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಸಂಬಾಳ ಮುಟ್ಟಲು ಬಿಡದಿದ್ದರೂ ಬಡಿತ ಗೊತ್ತಿರದೆ ಇರುತ್ತದೆಯೇ.

ಪ್ಯಾಟ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನೇ ಹೇಳುವವರು ಇನ್ನೊಬ್ಬರಿದ್ದಾರೆ" ಅಂದರು. "ಟೆರಿ ಅಂತ. ಸುತ್ತಿಗೆ ಕಥೆ ಬುರುಡೆ ಅಂತ ಬಂದವರಿಗೆಲ್ಲ ಹೇಳುತ್ತಾ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಒಳ್ಳೆಯವರು, ಪಾಪ. ನಾವು ಕೇಳಿಸಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು."

"ನಮ್ಮೂರಲ್ಲೂ ಒಬ್ಬರಿದ್ದಾರೆ" ಅಂದೆ.

ಕಾಲುವೆ ದಂಡೆಯ ಬೆಂಚು

ಕರೀ ಟೊಪ್ಪಿ, ಮಾಸಿದ ಕೋಟು, ಕೈಯಲ್ಲಿ ಬ್ರೆಡ್ಡಿನ ಚೂರು. ಬೋರ್ಡಿಗೆ ಒರಗಿಕೊಂಡು ಬಾತುಕೋಳಿಗೆ ಹಾಕುತ್ತಿದ್ದರಲ್ಲ, ಅವರೇ. ಮುಖ ಇಂಗ್ಲೆಂಡಿನ ಬಿಸಿಲಿಲ್ಲದ ಮಧ್ಯಾಹ್ನದಲ್ಲೂ ಕೆಂಪಗೇ ಇತ್ತು. ಅವರ ಮಾತು ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ಆ ಕಡೆಯ ಮುದುಕರ ಮಾತು ಆಸ್ಪತ್ರೆಯಲ್ಲಿ ಕೇಳಿ ಕೇಳಿ ರೂಢಿಯಾದ ಶೈಲಾ ನನಗೆ ಹೇಳುತ್ತಾ ಹೋದಳು.

ಅಂಗಡಿಯಲ್ಲಿ ಕೂತವಳು ನಾನು, ಮೊದಲೇ ನಮ್ಮ ಕಡೆಯ ವಿಷಯ ಬಾಯಿಬಿಡಲಿಲ್ಲ. ಎಲ್ಲಿಂದ ಬಂದೆವು ಅಂತಲೂ ಹೇಳಬೇಡ ಅಂತ ಶೈಲಾಗೆ ಕಣ್ಣುಸನ್ನೆ ಮಾಡಿದೆ. "ಸುತ್ತಿಗೆ ಅಲ್ಲದಿದ್ದರೆ ಮತ್ತೆ ಯಾವುದು? ಬಡಿದು ತೋರಿಸಿ" ಅಂದೆ.

ಟೆರಿ ಬ್ರೆಡ್ಡಿನ ಪುಡಿ ಕೊಡವಿಕೊಂಡು, ಬೆಂಚಿನ ಹಲಗೆಯ ಮೇಲೆ ಎರಡೂ ಕೈಯಿಂದ ಬಡಿದರು. ಬೆರಳು ಗಂಟುಗಟ್ಟಿದ್ದವು, ಆದರೂ ತಪ್ಪಲಿಲ್ಲ. ಸುತ್ತು ಮುಗಿಯುತ್ತಿದ್ದಂತೆ ಬಲಗೈ ಹಲಗೆ ಬಿಟ್ಟು ಪಕ್ಕಕ್ಕೆ ಹೋಗಿ ಬೆಂಚಿನ ಕಬ್ಬಿಣದ ಕೈಗೆ ಟಕ್ ಅಂತ ಒಂದು ಕೊಟ್ಟಿತು. ಕೊಟ್ಟು, ಅದೇ ಬೆರಳು ಕೋಟಿನ ಮೇಲೆ ಎದೆಯ ನಡುವೆ ಮುಟ್ಟಿ ಬಂತು.

ನಮ್ಮ ಮೇಳದವರು ಗುರುವಿನ ಪೆಟ್ಟು ಕೊಟ್ಟು ಅಂಗಿಯ ಮೇಲಿಂದ ಕೊರಳಿನ ಲಿಂಗವನ್ನು ಮುಟ್ಟಿಕೊಳ್ಳುತ್ತಾರೆ. ಇವರ ಕೋಟಿನೊಳಗೆ ಲಿಂಗವಿರಲು ಸಾಧ್ಯವಿಲ್ಲ.

"ಎದೆ ಯಾಕೆ ಮುಟ್ಟಿಕೊಂಡಿರಿ?" ಅಂತ ಕೇಳಿದೆ.

"ಗೊತ್ತಿಲ್ಲ. ಕಲಿಸಿದ ಹುಡುಗ ಹಾಗೆ ಮಾಡುತ್ತಿದ್ದ. ಆ ಕೊನೆಯ ಪೆಟ್ಟು ಬಿಟ್ಟರೆ ನನ್ನ ಬೆರಳಿನ ಗೆಣ್ಣಿಗೆ ಕೋಲಲ್ಲಿ ಹೊಡೆಯುತ್ತಿದ್ದ. ಅದು ಕಲಿಸಿದವರದ್ದು, ನುಂಗಬಾರದು ಅಂತ ಕೈಸನ್ನೆಯಲ್ಲೇ ಹೇಳಿದ್ದ."

"ಎಲ್ಲಿ?"

ನನ್ನ ಸೀರೆಯ ಕಡೆ ಕೈ ತೋರಿಸಿದರು. "ನಿಮ್ಮ ದೇಶದಲ್ಲೇ, ಒಂದು ಚಿಕ್ಕ ರೈಲ್ವೆ ಸ್ಟೇಷನ್ನು. ಹೆಸರು ಮರೆತಿದೆ. ನೀರು ಕುಡಿಯಲು ಇಳಿದೆ, ರೈಲು ಹೋಯ್ತು. ಕೆಂಪು ಬಟ್ಟೆ ಹಾಕಿ ಕತ್ತಿ ಹಿಡಿದು ಕುಣಿಯುವ ಗಂಡಸರು. ಆ ಹುಡುಗ ಡೋಲು ಮುಟ್ಟಲು ಬಿಡಲಿಲ್ಲ, ಕಾಳಿನ ಡಬ್ಬಿ ಮಗುಚಿ ಕೊಟ್ಟ."

ನಾನು ಅತ್ತೆ. ಸದ್ದು ಮಾಡಿಕೊಂಡೇ ಅತ್ತೆ. ಅತ್ತ ಹೋಗುತ್ತಿದ್ದ ನಾಯಿಯೊಂದು ನಿಂತು ನೋಡಿತು, ನಾಯಿಯ ಒಡತಿ ಮರ್ಯಾದೆಗೆ ಬೇರೆ ಕಡೆ ನೋಡಿದಳು. ಟೆರಿ ಗಾಬರಿಯಾಗಿ ಉಳಿದ ಬ್ರೆಡ್ಡನ್ನು ನನ್ನ ಕೈಗೆ ಕೊಟ್ಟರು. ಅಳುವವರನ್ನು ಸಮಾಧಾನ ಮಾಡಲು ಅವರ ಹತ್ತಿರ ಇದ್ದದ್ದು ಅಷ್ಟೇ.

ಆಮೇಲೆ ನಾವು ಎಲ್ಲ ಹೇಳಿದೆವು. ಶಿವನಿ, ಷಡಕ್ಷರಿ ಚಿಕ್ಕಪ್ಪ, ಕೊಳಗ, ಕ್ಯಾಸೆಟ್ಟು, ಎಲ್ಲ. "ಹಾಗಾದರೆ ನೀವೂ ಆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದಿರಾ? ಗಾಜಿನ ಪಕ್ಕದ ಚಿತ್ರದಲ್ಲಿ ನೀವಿಲ್ಲವಲ್ಲ" ಅಂತ ಕೇಳಿದೆ.

ಟೆರಿ ನಕ್ಕರು. "ನಾನು ಬಾರಿಸುವವನಲ್ಲ. ಹೊರುವವನು. ವ್ಯಾನಿನಿಂದ ಇಳಿಸುವುದು, ಜೋಡಿಸುವುದು, ಮುಗಿದ ಮೇಲೆ ಮತ್ತೆ ಹೊತ್ತು ಏರಿಸುವುದು. ಬೇಜಾರಾಗಿ ಒಂದು ಸಲ ಬಿಟ್ಟು ನಿಮ್ಮ ದೇಶಕ್ಕೆ ಹೊರಟಾಗ, ಡ್ರಮ್ಮರ್ ತನ್ನ ಹಳೆಯ ಕೋಲು ನೆನಪಿಗೆ ಇಟ್ಟುಕೋ ಅಂತ ಕೊಟ್ಟ. ವಾಪಸ್ ಬಂದು ಮತ್ತೆ ಅದೇ ಕೆಲಸ. ಡ್ರಮ್ ಜೋಡಿಸಿದ ಮೇಲೆ ಸರಿಯಾಗಿದೆಯಾ ಅಂತ ಬಡಿದು ನೋಡಬೇಕಲ್ಲ, ಆಗ ನಾನು ಬಡಿಯುತ್ತಿದ್ದದ್ದು ಇದನ್ನೇ. ನನಗೆ ಬೇರೆ ಬರುತ್ತಿರಲಿಲ್ಲ. ಒಂದು ದಿನ ಅವನು ಟೀ ಕುಡಿಯುತ್ತಾ ಕೇಳಿಸಿಕೊಂಡ. ಹಾಡಾಯಿತು."

"ಅವರಿಗೆ ನೀವು ಹೇಳಲಿಲ್ಲವೇ, ಎಲ್ಲಿಂದ ಬಂತು ಅಂತ?"

"ಹೇಳಿದೆ. ಅವನೂ ಪೇಪರಿನವರಿಗೆ ಒಂದೆರಡು ಸಲ ಹೇಳಿರಬೇಕು. ಅವನ ಅಪ್ಪ ಇದೇ ಕಾರ್ಖಾನೆಯಲ್ಲಿ ಸುತ್ತಿಗೆ ಓಡಿಸುತ್ತಿದ್ದರು. ಪೇಪರಿನವರಿಗೆ ಆ ಕಥೆ ಹಿಡಿಸಿತು. ಸಾಮಾನು ಹೊರುವವನ ಕಥೆ ಯಾರಿಗೆ ಬೇಕು?"

ಅದನ್ನು ಕಹಿಯಿಲ್ಲದೆ ಹೇಳಿದರು. ಆದರೆ ದಿನಾ ಬಂದು ಈ ಬೆಂಚಿನ ಮೇಲೆ ಕೂರುವವರಿಗೆ ಬೇಸರವಿಲ್ಲ ಅಂದರೆ ನಾನು ನಂಬುವುದಿಲ್ಲ.

ಟೆರಿಯ ಅಡುಗೆಮನೆ

ಅವರ ಮನೆ ಕಾಲುವೆಯ ಆಚೆಗೇ ಇತ್ತು. ಚಿಕ್ಕ ಅಡುಗೆಮನೆ, ಕಿಟಕಿಯಲ್ಲಿ ಕೊತ್ತಂಬರಿಯಂಥ ಯಾವುದೋ ಸೊಪ್ಪಿನ ಕುಂಡ. ಟೀ ಮಾಡಿ ಕೊಟ್ಟರು. ಬಿಸಿನೀರಿನ ಲೋಟಕ್ಕೆ ಎಲೆಯ ಪೊಟ್ಟಣ ಅದ್ದಿ, ಮೇಲೆ ತಣ್ಣನೆ ಹಾಲು. ಆ ಟೀಯನ್ನು ನಾನು ಶಿವನಿಯ ಕಾಲದ ಋಣಕ್ಕೆ ಅಂತ ಕುಡಿದೆ.

ಈಗ ಫೋನ್ ಮಾಡಬೇಕಿತ್ತು, ನನಗೆ ಕೈ ಬರಲಿಲ್ಲ. ಚಿಕ್ಕಪ್ಪ ಇಷ್ಟು ವರ್ಷ ಎದೆಯುಬ್ಬಿಸಿ ಹೇಳಿದ್ದು, ನಮ್ಮ ಮನೆಯಲ್ಲಿ ಉಂಡವನು ಲೋಕಪ್ರಸಿದ್ಧ ಡ್ರಮ್ಮರು ಅಂತ. ಅವನು ಸಾಮಾನು ಹೊರುವವನು ಅಂತ ಹೇಗೆ ಹೇಳುವುದು? ಶಿವನಿಯಲ್ಲಿ ಸಂಬಾಳದವನ ಸಂಬಾಳವನ್ನು ಅವನೇ ಹೊರಬೇಕು. ಸಣ್ಣವಳಿದ್ದಾಗ ಸಹಾಯವಾಗಲಿ ಅಂತ ಎತ್ತಲು ಹೋಗಿ ನಾನು ಬೆನ್ನಿಗೆ ತಿಂದದ್ದು ಇನ್ನೂ ನೆನಪಿದೆ. ಕೋಲು ಯಾರ ಚೀಲದಲ್ಲಿದೆಯೋ ಅವನೇ ಬಾರಿಸುವವನು. ಚಿಕ್ಕಪ್ಪನಿಗೆ ಅದರಲ್ಲಿ ಅನುಮಾನ ಬರುವ ಪ್ರಶ್ನೆಯೇ ಇರಲಿಲ್ಲ. ಆ ಊರಿನಲ್ಲಿ ಯಾರೇ ಇದ್ದಿದ್ದರೂ ಅದೇ ತಪ್ಪು ಮಾಡುತ್ತಿದ್ದರು.

ಶಿವನಿಯಲ್ಲಿ ಆಗ ಸಂಜೆಯಾಗಿತ್ತು. ಚಿಕ್ಕಪ್ಪನ ಸೊಸೆ ಶಾರದ ಫೋನ್ ಎತ್ತಿ, ವಿಡಿಯೋದಲ್ಲಿ ಅವನ ಮುಖದ ಮುಂದೆ ಹಿಡಿದಳು. ಅರ್ಧ ಮುಖ, ಅರ್ಧ ಗೋಡೆ. ಮುಚ್ಚಿಡದೆ ಎಲ್ಲ ಹೇಳಿದೆ. ಕೆಂಪಣ್ಣ ಸಿಕ್ಕಿದ, ಹೆಸರು ಟೆರಿ, ಡ್ರಮ್ಮರು ಅವನಲ್ಲ, ಡ್ರಮ್ ಹೊರುವವನು.



"ಹೊರೋನಾ?" ಅಂದ ಚಿಕ್ಕಪ್ಪ. "ಮತ್ತೆ ಕೋಲು ಯಾಕೆ ಇಟ್ಕಂಡಿದ್ದ?"

"ಇಲ್ಲಿ ಹೊರೋನೇ ಬೇರೆ, ಬಡಿಯೋನೇ ಬೇರೆ ಅಂತೆ ಚಿಕ್ಕಪ್ಪ."

"ಒಬ್ಬರ ವಾದ್ಯ ಇನ್ನೊಬ್ರು ಹೊರ್ತಾರಾ? ಅದೆಂಥಾ ಊರವ್ವ ಅದು." ಅಂದ. "ಹಂಗಾರೆ ತರೀಕೆರೆಯೋರು ನಕ್ಕಿದ್ದೇ ಸರಿ. ಬಿಡು. ಹೇಳು ಅಂದಿದ್ದೆ, ಹೇಳ್ದೆ. ಒಳ್ಳೇದಾಯ್ತು."

"ಪೂರ್ತಿ ಕೇಳು ಚಿಕ್ಕಪ್ಪ. ಆ ಬಡಿತ ಇವ್ರಿಂದ್ಲೇ ಹಾಡಿಗೆ ಹೋಗಿದ್ದು."

"ನನ್ ಸಮಾಧಾನಕ್ಕೆ ಹೇಳ್ಬ್ಯಾಡ ಕಣವ್ವ."

ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಟೆರಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಪರದೆಯ ಮೇಲಿನ ಆ ಬಿಳಿಮೀಸೆಯ ಮುದುಕನನ್ನು ನೋಡುತ್ತಾ, ಬೆರಳಿನ ಗೆಣ್ಣು ಉಜ್ಜಿಕೊಂಡರು. ಆಮೇಲೆ ಮೇಜಿನ ಮೇಲೆ ಬಡಿದರು. ಸುತ್ತು ಮುಗಿಯಿತು. ಟೀ ಲೋಟದ ಅಂಚಿಗೆ ಟಕ್ ಅಂತ ಒಂದು ಕೊಟ್ಟು, ಎದೆ ಮುಟ್ಟಿಕೊಂಡರು.

ಅಷ್ಟು ದೂರದಿಂದ ಚಿಕ್ಕಪ್ಪ ಮುಖ ಮುಂದಕ್ಕೆ ತಂದ. ಈಗ ಪರದೆಯಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಅದೇ" ಅಂದ. "ಅದೇ ಕಣವ್ವ. ನಮ್ಮ ಗುರುವಿನ ಪೆಟ್ಟು."

ಅವನ ಮಾತನ್ನು ಶೈಲಾ ಟೆರಿಗೆ ಹೇಳಿದಳು. ಟೆರಿ ತಲೆಯಾಡಿಸಿದರು, ಒಪ್ಪದವರ ಹಾಗೆ. ಅವರು ನಿಧಾನವಾಗಿ ಹೇಳಿದ್ದನ್ನು ಈ ಸಲ ಶೈಲಾ ಹೇಳುವ ಮೊದಲೇ ನಾನು ತಿಳಿದುಕೊಂಡೆ.

"ಚಿಕ್ಕಪ್ಪ" ಅಂದೆ. "ನಿನ್ನ ಗುರು ಯಾರು ಅಂತ ಇವ್ರಿಗೆ ಗೊತ್ತಿಲ್ವಂತೆ. ಕಲ್ಸಿದೋನಿಗೆ ಒಂದು ಪೆಟ್ಟು ಅಂತ ನೀನೇ ಹೇಳಿದ್ಯಂತೆ. ಇವ್ರಿಗೆ ಕಲ್ಸಿದೋನು ನೀನು. ಇವ್ರು ಇಷ್ಟು ವರ್ಷ ಕೊಟ್ಟಿದ್ದು ನಿನಗಂತೆ."

ಚಿಕ್ಕಪ್ಪನ ಕಣ್ಣು ಪರದೆಯಿಂದ ಸರಿಯಿತು. ಫೋನನ್ನು ಎಲ್ಲೋ ಅಂಗಾತ ಇಟ್ಟರು. ಈಗ ನಮಗೆ ಕಾಣುತ್ತಿದ್ದದ್ದು ಶಿವನಿಯ ಮನೆಯ ಸೂರು ಮತ್ತು ನಿಂತ ಫ್ಯಾನು. ಕುರ್ಚಿ ಎಳೆದ ಸದ್ದು ಕೇಳಿತು.

"ಮಾವ, ನಿಮ್ಗೆ ಎಟುಕಲ್ಲ, ನಾನು ಇಳಿಸ್ಕೊಡ್ಲಾ?" ಇದು ಶಾರದ.

"ನೀನು ಮುಟ್ಬ್ಯಾಡ ತಾಯಿ. ಕುರ್ಚಿ ಹಿಡ್ಕೋ ಸಾಕು." ಆಮೇಲೆ ನಮ್ಮ ಕಡೆಗೆ, ದೊಡ್ಡದಾಗಿ: "ಗಿರಿಜವ್ವ, ಅವ್ನಿಗೆ ಹೇಳು, ಫೋನ್ ಇಡ್ಬ್ಯಾಡ ಅಂತ. ಬಂದೆ."

ಟೆರಿಗೆ ಹೇಳಿದೆ. ಅವರು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು, ಫ್ಯಾನನ್ನು ನೋಡುತ್ತಾ ಕೂತರು. ಬಟ್ಟೆ ಬಿಚ್ಚುವ ಸದ್ದು, ಧೂಳು ಕೊಡವುವ ಸದ್ದು, ಒಂದು ಕೆಮ್ಮು.

ಸಂಬಾಳದ ಚರ್ಮ ಸಡಿಲವಾಗಿತ್ತು, ದನಿ ಮಂಕಾಗಿತ್ತು. ಆದರೂ ಇಡೀ ಸುತ್ತು ಬಂತು, ಕೊನೆಯಲ್ಲಿ ಬದಿಗೆ ಆ ಒಂದು ಪೆಟ್ಟೂ ಬಂತು. ಅದು ಕೇಳುತ್ತಿದ್ದಂತೆ ಟೆರಿಯ ಬೆರಳು ತಾನಾಗಿಯೇ ಎದೆಗೆ ಹೋಯಿತು.